9,000 ವರ್ಷದ ಹಿಂದಿನ ಮಳೆ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ?

ಮುಂದಿನ ವಾರದ ಮಳೆಯನ್ನೇ ಸರಿಯಾಗಿ ಹೇಳಲಾಗದ ಕಂಪ್ಯೂಟರ್, 9,000 ವರ್ಷದ ಹಿಂದೆ ಸಹಾರಾದಲ್ಲಿ ಮಳೆ ಸುರಿಯುತ್ತಿತ್ತು ಅಂತ ಹೇಗೆ ಹೇಳುತ್ತದೆ ಎಂದು ಕೇಳಿದ್ದೀರಿ. ಆ ಮಾತನ್ನು ಮೊದಲು ಹೇಳಿದ್ದು ಕಲ್ಲು ಮತ್ತು ಕೆಸರು. ಅಲ್ಜೀರಿಯಾದ ಟಾಸಿಲಿ ಬಂಡೆಗಳ ಮೇಲೆ ದನದ ಹಿಂಡು, ನೀರಾನೆಗಳ ಚಿತ್ರಗಳಿವೆ. ಸಹಾರಾದ ದಕ್ಷಿಣ ಅಂಚಿನ ಚಾಡ್ ಸರೋವರ ಆಗ ಇಡೀ ಕರ್ನಾಟಕಕ್ಕಿಂತ ದೊಡ್ಡದಾಗಿತ್ತು. ಅದರ ಹಳೆಯ ದಡ ಇಂದಿಗೂ ಮರಳಿನಲ್ಲಿ ಗುರುತಾಗುತ್ತದೆ. ಮಾಡೆಲ್, ಅಂದರೆ ಗಾಳಿ, ಬಿಸಿಲು, ಮಳೆಯ ನಿಯಮಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಬೇಕಾಗುವುದು ‘ಯಾಕೆ’ ಎಂಬ ಪ್ರಶ್ನೆಗೆ.

ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತೂಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ನಮ್ಮ ಪಂಚಾಂಗದವರು ಅಯನಾಂಶ ಅಂತ ಲೆಕ್ಕ ಇಡುವುದು ಇದನ್ನೇ. ನಿಜವಾದ ಉತ್ತರಾಯಣ ಡಿಸೆಂಬರಿನಲ್ಲೇ ಶುರುವಾಗಿ, ಸಂಕ್ರಾಂತಿ ಜನವರಿ ಮಧ್ಯಕ್ಕೆ ಜಾರಿರುವುದೂ ಇದರಿಂದಲೇ. ಮುಖ್ಯವಾಗಿ ಈ ತೂಗಾಟದಿಂದ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವ ತಿಂಗಳೂ ಜಾರುತ್ತದೆ. ಈಗ ಅದು ಜನವರಿ ಮೊದಲ ವಾರದಲ್ಲಿ. 9,000 ವರ್ಷದ ಹಿಂದೆ ಅದು ಜುಲೈ ಕೊನೆಗೆ ಬರುತ್ತಿತ್ತು, ಹಾಗಾಗಿ ಆಗ ಜುಲೈ ಬಿಸಿಲು ಹೆಚ್ಚು ಪ್ರಖರವಾಗಿತ್ತು.

1981ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಕುಟ್ಸ್‌ಬಾಕ್ ಈ ಹಳೆಯ ಬಿಸಿಲನ್ನು ಒಂದು ಒರಟು ಮಾಡೆಲ್‌ಗೆ ಕೊಟ್ಟು ನೋಡಿದರು. ಜುಲೈ ಬಿಸಿಲು ಈಗಿನದಕ್ಕಿಂತ ಶೇ. 7ರಷ್ಟು ಹೆಚ್ಚು. ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಕಡಲ ಗಾಳಿ ನೀರು ಹೊತ್ತು ಒಳನುಗ್ಗುತ್ತದೆ. ಆಫ್ರಿಕಾ, ಏಷ್ಯಾ ಎರಡೂ ಕಡೆ ಮುಂಗಾರು ಜೋರಾಯಿತು. ಮಳೆ ಬರಿಸು ಅಂತ ಯಾರೂ ಮಾಡೆಲ್‌ಗೆ ಹೇಳಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ನನಗೆ ರೋಮಾಂಚನವಾಗಿತ್ತು, ಇವತ್ತಿಗೂ ಆಗುತ್ತದೆ.

ಇನ್ನೂ ಹೆಚ್ಚು ಕಲಿಸಿದ್ದು ಮಾಡೆಲ್‌ಗಳ ಸೋಲು. 6,000 ವರ್ಷದ ಹಿಂದಿನ ಬಿಸಿಲು ಕೊಟ್ಟು ಹಲವು ದೇಶಗಳ ಮಾಡೆಲ್‌ಗಳನ್ನು ಓಡಿಸಿದಾಗ ಮಳೆ ಉತ್ತರಕ್ಕೆ ಸರಿಯಿತು, ಆದರೆ ಸಹಾರಾದಲ್ಲಿ ಹುಲ್ಲು ಬೆಳೆಯುವಷ್ಟು ಬರಲಿಲ್ಲ. ಬಿಸಿಲೊಂದೇ ಸಾಲದು ಅಂತಾಯಿತು. ಬೋಳು ಮರಳು ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಹುಲ್ಲು ಹೀರಿಕೊಂಡು ತೇವವನ್ನು ಗಾಳಿಗೆ ಬಿಡುತ್ತದೆ. ಹಸಿರಾದರೆ ಧೂಳೂ ಏಳುವುದಿಲ್ಲ. ಗಿಡ, ಕೆರೆ, ಧೂಳು ಸೇರಿಸಿದಾಗ ಮಳೆ ಹೆಚ್ಚಿತು. ಮಳೆ ಹುಲ್ಲನ್ನು ಬೆಳೆಸಿತು, ಹುಲ್ಲು ಮಳೆಯನ್ನು ಕರೆಯಿತು. ಆದರೂ ಹಳೆಯ ಕೆಸರು ಹೇಳುವಷ್ಟು ಉತ್ತರಕ್ಕೆ ಮಳೆಯನ್ನು ಒಯ್ಯಲು ಎಷ್ಟೋ ಮಾಡೆಲ್‌ಗಳು ಈಗಲೂ ಒದ್ದಾಡುತ್ತವೆ.

ಮುಂದಿನ ವಾರದ ಮಳೆಗೆ ಇವತ್ತಿನ ಗಾಳಿ, ಮೋಡ ಎಲ್ಲೆಲ್ಲಿವೆ ಎಂಬುದು ಕರಾರುವಾಕ್ಕಾಗಿ ಬೇಕು. ಇಲ್ಲಿ ಕೇಳುವುದು ನೂರಾರು ವರ್ಷಗಳ ಸರಾಸರಿಯನ್ನು. ಅದನ್ನು ನಡೆಸುವುದು ಬಿಸಿಲು, ನೆಲ, ಕಡಲು. ಹಾಗಾಗಿ ಮಾಡೆಲ್ ಕೊಟ್ಟ ಹಳೆಯ ಮಳೆಯ ನಕ್ಷೆ ಕಂಡಾಗ ಮಳೆಯ ಪಟ್ಟಿ ಯಾವ ಕಡೆ ಸರಿಯಿತು ಅನ್ನುವುದನ್ನು ನಾನು ನಂಬುತ್ತೇನೆ. ಒಂದೊಂದು ಊರಿನ ಮಿಲಿಮೀಟರ್ ಲೆಕ್ಕವನ್ನು ಅಲ್ಲಿನ ಕೆರೆಯ ಹೂಳು, ಗುಹೆಯ ಸುಣ್ಣದ ಕಂಬಗಳ ಜೊತೆ ತಾಳೆ ನೋಡದೆ ಒಪ್ಪುವುದಿಲ್ಲ.