ಸಾಲ ವಾಪಸ್ ಕೊಡದ ಗೆಳೆಯ ಹೇಳುವ ಕಾರಣಗಳನ್ನು ನಂಬಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯವರು. ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ಗೆಳೆಯರೊಬ್ಬರು ಬೆಳೆ ಸಾಲ ಕಟ್ಟಲು "ಎರಡು ವಾರಕ್ಕೆ ಸಾಕು" ಅಂತ 1,50,000 ರೂಪಾಯಿ ಕೇಳಿದರು. ನೀವು ಬ್ಯಾಂಕ್ ಮೂಲಕ ಕಳಿಸಿದಿರಿ, ಕಾಗದ ಏನೂ ಮಾಡಿಕೊಂಡಿಲ್ಲ. ಆಮೇಲೆ ಶುರುವಾಯಿತು. ಮೊದಲು, ಸಾಲ ಪುನಃ ಪಾಸಾಗಲಿಲ್ಲ. ಮತ್ತೆ, ಅಡಿಕೆಗೆ ರೇಟು ಬರಲಿ. ಮತ್ತೆ, ತಾಯಿಗೆ ಮಂಗಳೂರಿನಲ್ಲಿ ಆಪರೇಷನ್. ಈಗ, ಅಕೌಂಟ್ ಫ್ರೀಜ್ ಆಗಿದೆ. ನಡುವೆ ಅವರ ಸ್ಟೇಟಸ್‌ನಲ್ಲಿ ಹೊಸ ಸ್ಕೂಟರ್ ಫೋಟೋ. "ನಾನು ಸುಮ್ನೆ ಅನುಮಾನ ಪಡ್ತಾ ಇದ್ದೇನಾ?" ಅಂತ ಕೇಳಿದ್ದೀರಿ.

ನಾನು ಅದೇ ಜಿಲ್ಲೆಯ ಮುಳ್ಳೇರಿಯ ಕಡೆಯವನು. ಸಹಕಾರಿ ಬ್ಯಾಂಕಿನಲ್ಲಿ ತುಂಬಾ ವರ್ಷ ಸಾಲದ ವಿಭಾಗದಲ್ಲಿ ಇದ್ದೆ. ಬಾಕಿದಾರರ ಕಾರಣ ಕೇಳುವುದೇ ಅಲ್ಲಿ ಅರ್ಧ ಕೆಲಸ. ನನ್ನ ಅನುಭವದಲ್ಲಿ ಹೆಚ್ಚಿನ ಕಾರಣಗಳು ನಿಜವೇ ಆಗಿರುತ್ತವೆ. ಪೂರ್ತಿ ಸುಳ್ಳು ಕಟ್ಟಿ ಹೇಳುವವರು ಕಡಿಮೆ. ಆದರೆ ಕಾರಣ ನಿಜ ಅಂದ ಮಾತ್ರಕ್ಕೆ ಕೊಡುವ ಮನಸ್ಸು ಉಂಟು ಅಂತ ಅಲ್ಲ. ನೀವು ಕಾರಣ ನಿಜವೋ ಸುಳ್ಳೋ ಅಂತ ತಲೆ ಕೆಡಿಸಿಕೊಂಡಿದ್ದೀರಿ. ನಾನಾದರೆ ಮನಸ್ಸು ಉಂಟಾ ಇಲ್ವಾ ಅಂತ ನೋಡುತ್ತಿದ್ದೆ.

ಮೊದಲ ಕಾರಣದಿಂದ ಶುರು ಮಾಡುವ. ಅಸಲು ವಿಷಯ ಅಲ್ಲೇ ಇರುವುದು. ಬೆಳೆ ಸಾಲಕ್ಕೆ ಬಡ್ಡಿ ಶೇಕಡಾ 7. ಸರಿಯಾದ ಸಮಯಕ್ಕೆ ಕಟ್ಟಿದರೆ ಶೇಕಡಾ 3 ರಿಯಾಯಿತಿ ಸಿಕ್ಕಿ 4 ಬೀಳುತ್ತದೆ. ಅದಕ್ಕಾಗಿ ಜನ ಎಲ್ಲಿಂದಾದರೂ ಹಣ ಹೊಂದಿಸಿ ಕಟ್ಟುತ್ತಾರೆ, ಕಟ್ಟಿ ಪುನಃ ಅದೇ ಸಾಲ ತೆಗೆಯುತ್ತಾರೆ. ನಡುವಿನ ಆ ಕೆಲವು ದಿನಕ್ಕೆ ಬೇಕಾಗುವುದು ನಿಮ್ಮಂಥವರ ಹಣ. ಕೊಡುವವರಿಗೂ ಧೈರ್ಯ ಇರುತ್ತದೆ, ಯಾಕೆಂದರೆ ಈ ಹಣ ಖರ್ಚಾಗುವ ಹಣ ಅಲ್ಲ. ಬ್ಯಾಂಕಿಗೆ ಹೋಗಿ ಅಲ್ಲಿಂದಲೇ ತಿರುಗಿ ಬರುವ ಹಣ.

ಸಾಲ ಪುನಃ ಸಿಗದೆ ಹೋಗುವುದೂ ಉಂಟು. ಜಾಗದ ದಾಖಲೆಯಲ್ಲಿ ಏನೋ ತೊಂದರೆ, ಜಾಮೀನು ನಿಂತವರು ಈ ಸಲ ಬೇಡ ಅಂದರು, ಬೇರೆ ಯಾವುದೋ ಸಾಲ ಬಾಕಿ ಉಂಟು. ಇಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹಾಗೆ ಸಿಕ್ಕಿಬಿದ್ದವರು ಆ ವಾರವೇ ಓಡಿ ಬರುತ್ತಾರೆ. "ಹೀಗಾಯ್ತು ಮಾರಾಯಾ, ಈಗ ಏನು ಮಾಡುವುದು?" ಅಂತ ಕೊಟ್ಟವರ ಹತ್ತಿರವೇ ಕೇಳುತ್ತಾರೆ. ನಿಮ್ಮ ಗೆಳೆಯರು ಅದನ್ನು ಯಾವಾಗ ಹೇಳಿದರು? ಎರಡು ತಿಂಗಳು ಬಿಟ್ಟು, ನೀವು ಕೇಳಿದ ಮೇಲೆ ಹೇಳಿದ್ದಾದರೆ, ಸಾಲ ಪಾಸಾಗಿತ್ತು, ಹಣ ಬೇರೆ ಕಡೆ ಹೋಯಿತು ಅಂತಲೇ ನಾನು ತಿಳಿಯುತ್ತೇನೆ. ಮಕ್ಕಳ ಫೀಸಿಗೋ, ಬೋರ್‌ವೆಲ್‌ಗೋ, ಇನ್ನೊಬ್ಬರ ಕೈಸಾಲಕ್ಕೋ. ಅವರು ಕೆಟ್ಟವರು ಅಂತ ಇದರ ಅರ್ಥ ಅಲ್ಲ. ಆದರೆ ನಿಮ್ಮ ಎರಡು ವಾರದ ಕೈಸಾಲ ಅಲ್ಲಿಗೆ, ನಿಮ್ಮನ್ನು ಕೇಳದೆಯೇ, ವರ್ಷಗಟ್ಟಲೆಯ ಸಾಲವಾಗಿ ಬದಲಾಯಿತು.

ಅಡಿಕೆಯ ಕಾರಣ ಕೇಳಿದರೆ ನನಗೆ ಸ್ವಲ್ಪ ಕೋಪವೇ ಬರುತ್ತದೆ. ಅಡಿಕೆ ಇಲ್ಲ ಅಂದರೆ ಒಪ್ಪಬಹುದು. ಕೊಳೆರೋಗಕ್ಕೆ ಕಾಯಿ ಉದುರಿದರೆ, ಎಲೆಚುಕ್ಕಿ ರೋಗ ತೋಟವನ್ನೇ ಸೊರಗಿಸಿದರೆ ಯಾರು ಏನು ಮಾಡಲು ಆಗುತ್ತದೆ? ತೋಟಕ್ಕೆ ಒಂದು ಸುತ್ತು ಹೋದರೆ ಗೊತ್ತಾಗುತ್ತದೆ. ಆದರೆ "ರೇಟು ಬರಲಿ" ಅಂದರೆ ಮನೆಯಲ್ಲಿ ಅಡಿಕೆ ಉಂಟು ಅಂತ ಅವರೇ ಒಪ್ಪಿಕೊಂಡ ಹಾಗೆ. ಹಳೆ ಚಾಲಿಗೆ, ಅಂದರೆ ಒಣಗಿಸಿ ಸುಲಿದು ಇಟ್ಟ ಅಡಿಕೆಗೆ, ಹೊಸದಕ್ಕಿಂತ ಸಾಮಾನ್ಯವಾಗಿ ಜಾಸ್ತಿ ರೇಟು ಸಿಗುತ್ತದೆ, ಅದಕ್ಕೇ ಅಲ್ವಾ ಇಟ್ಟುಕೊಳ್ಳುವುದು. ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಅವರು ಕಾಯುತ್ತಿರುವುದು ನಿಮ್ಮ ದುಡ್ಡಿನ ಬಲದಲ್ಲಿ. ರೇಟು ಏರಿದರೆ ಲಾಭ ಅವರಿಗೆ. ಇಳಿದರೆ ನಿಮಗೆ ಇನ್ನೊಂದು ಕಾರಣ. ಈ ಮಾತು ಬಂದಾಗ "ಸರಿ, ನಾಲ್ಕು ಗೋಣಿ ಈಗ ಕೊಡು, ಉಳಿದದ್ದು ಇಟ್ಟುಕೋ" ಅಂತ ಹೇಳಿ ನೋಡಿ. ಉತ್ತರಕ್ಕಿಂತ ಮುಖ ನೋಡಿದರೆ ಸಾಕು.

ತಾಯಿಯ ಆಪರೇಷನ್ ವಿಷಯ ಬಿಟ್ಟುಬಿಡಿ. ಅದನ್ನು ನಂಬಿ. ಬಿಲ್ಲು ತೋರಿಸು ಅಂತ ಕೇಳುವ ಸ್ಥಿತಿಗೆ ಗೆಳೆತನ ಬಂದರೆ ಆಮೇಲೆ ಹಣ ಬಂದರೂ ಸುಖ ಇಲ್ಲ.

ಅಕೌಂಟ್ ಫ್ರೀಜ್ ಅನ್ನುವುದು ನಮ್ಮ ಕೇರಳದಲ್ಲಿ ನಗುವ ಮಾತಲ್ಲ. ಎಲ್ಲೋ ದೂರದ ರಾಜ್ಯದಲ್ಲಿ ಆನ್‌ಲೈನ್ ಮೋಸದ ದೂರು ದಾಖಲಾಗಿ, ಆ ಹಣ ಕೈ ಬದಲಾಗುತ್ತಾ ಬಂದು ಇಲ್ಲಿನ ಅಂಗಡಿಯವರ ಖಾತೆ ತಡೆಹಿಡಿದದ್ದು ತುಂಬಾ ಕಡೆ ನಡೆದಿದೆ. ಆದರೆ ನಿಜವಾಗಿ ಸಿಕ್ಕಿಬಿದ್ದವರಿಗೆ ಎಲ್ಲ ವಿವರ ಬಾಯಿಪಾಠ ಇರುತ್ತದೆ. ಯಾವ ರಾಜ್ಯದ ಪೊಲೀಸರು, ದೂರಿನ ನಂಬರ್ ಏನು, ಎಷ್ಟು ಹಣಕ್ಕೆ ತಡೆ. ಬ್ಯಾಂಕಿನವರು ಮೊದಲು ಕೊಡುವುದೇ ಆ ವಿವರ. "ಏನೋ ಫ್ರೀಜ್ ಅಂತೆ" ಅಂತ ತೇಲಿಸಿದರೆ ನನಗೆ ನಂಬಿಕೆ ಬರುವುದಿಲ್ಲ. ಹಾಗೆಯೇ, "ನೆಫ್ಟ್ (ಬ್ಯಾಂಕಿನಿಂದ ಬ್ಯಾಂಕಿಗೆ ಹಣ ವರ್ಗಾವಣೆ) ಮಾಡಿದ್ದೇನೆ, ಬ್ಯಾಂಕಿನಲ್ಲಿ ಸಿಕ್ಕಿಬಿದ್ದಿದೆ" ಅಂತ ಮುಂದೆ ಯಾವತ್ತಾದರೂ ಹೇಳಿದರೆ ಯುಟಿಆರ್ ನಂಬರ್, ಅಂದರೆ ಪ್ರತಿ ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ನಂಬರ್, ಕೇಳಿ. 2019ರ ಡಿಸೆಂಬರ್‌ನಿಂದ ನೆಫ್ಟ್ ದಿನದ 24 ಗಂಟೆಯೂ, ರಜಾದಿನದಲ್ಲೂ ನಡೆಯುತ್ತದೆ. ಭಾನುವಾರ ಅನ್ನುವ ನೆಪ ಈಗ ಇಲ್ಲ.

ಸ್ಕೂಟರ್ ನೋಡಿ ನಿಮಗೆ ಹೊಟ್ಟೆ ಉರಿದದ್ದು ನನಗೆ ಅರ್ಥವಾಗುತ್ತದೆ. ಆದರೆ ಅದು ಕಂತಿನಲ್ಲಿ ತೆಗೆದದ್ದಿರಬಹುದು. ಅದರಿಂದ ತಿಳಿಯುವುದು ಬೇರೆ. ಕಂತು ತಪ್ಪಿದರೆ ದಂಡ ಬೀಳುತ್ತದೆ, ಗಾಡಿ ಎತ್ತಿಕೊಂಡು ಹೋಗುತ್ತಾರೆ. ಅಡವಿಟ್ಟ ಚಿನ್ನ ಬಿಡಿಸದಿದ್ದರೆ ಹರಾಜು. ನಿಮ್ಮ ಸಾಲಕ್ಕೆ ಬಡ್ಡಿ ಇಲ್ಲ, ದಂಡ ಇಲ್ಲ, ತಾರೀಕು ಇಲ್ಲ. ಹಾಗಾಗಿ ಸಾಲಿನಲ್ಲಿ ನೀವು ಯಾವಾಗಲೂ ಕೊನೆಗೆ. ಎಷ್ಟೇ ಹಣ ಬಂದರೂ ನಿಮ್ಮ ವರೆಗೆ ಮುಟ್ಟುವುದಿಲ್ಲ. ಇದಕ್ಕೆ ಮೋಸದ ಬುದ್ಧಿಯೇ ಬೇಕು ಅಂತಿಲ್ಲ, ದಾಕ್ಷಿಣ್ಯದ ಸಾಲ ಅಂದರೆ ಹೀಗೇ.

ಮನಸ್ಸು ಉಂಟಾ ಇಲ್ವಾ ಅಂತ ತಿಳಿಯಲು ನಾನು ನೋಡುವುದು ಒಂದೇ ವಿಷಯ. ಮೊದಲು ಫೋನ್ ಮಾಡುವವರು ಯಾರು? ನನ್ನ ಶಾಲೆಯ ಗೆಳೆಯನೊಬ್ಬ ಗಲ್ಫ್‌ನಲ್ಲಿ ಕೆಲಸ ಕಳೆದುಕೊಂಡ. ನನಗೆ ಕೊಡಲು ಬಾಕಿ ಇತ್ತು. ತಿಂಗಳ ಮೊದಲ ವಾರ ಅವನೇ ಮೆಸೇಜ್ ಮಾಡುತ್ತಿದ್ದ. "ಈ ಸಲ 2,000 ಮಾತ್ರ." ಕೆಲವು ತಿಂಗಳು "ಈ ಸಲ ಏನೂ ಇಲ್ಲ." ತೀರಲು ತುಂಬಾ ಕಾಲ ಹಿಡಿಯಿತು. ಅವನ ಕಾರಣ ನಿಜವಾ ಅಂತ ಯೋಚಿಸುವ ಅಗತ್ಯವೇ ನನಗೆ ಬರಲಿಲ್ಲ. ನಿಮ್ಮ ವಿಷಯದಲ್ಲಿ ಈ ಎರಡು ವರ್ಷ ಪ್ರತಿ ಸಲ ನೀವೇ ಕೇಳಿದ್ದಾದರೆ, ಒಂದು ಸಾವಿರವೂ ಬಂದಿಲ್ಲವಾದರೆ, ನಿಮ್ಮ ಅನುಮಾನ ಸುಮ್ನೆ ಅಲ್ಲ.

ಈಗ ಗಡುವಿನ ಮಾತು. 1963ರ ಕಾಲಮಿತಿ ಕಾಯ್ದೆ ಪ್ರಕಾರ ಇಂಥ ಸಾಲಕ್ಕೆ ದಾವೆ ಹೂಡಲು ಮೂರು ವರ್ಷ ಮಾತ್ರ. ವಾಪಸ್ ಕೊಡುವ ತಾರೀಕು ಬರೆದುಕೊಂಡಿಲ್ಲದಿದ್ದರೆ ಹಣ ಕೊಟ್ಟ ದಿನದಿಂದಲೇ ಲೆಕ್ಕ. ಅಂದರೆ ನಿಮಗೆ ಬರುವ ಮಾರ್ಚ್ ವರೆಗೆ ಸಮಯ. ಅವರ ಕಾರಣ ನಿಜವಾದರೂ ಸುಳ್ಳಾದರೂ ಈ ಗಡುವು ಓಡುತ್ತಲೇ ಇರುತ್ತದೆ. ಅದಕ್ಕೇ ನಾನು ಹೇಳುವುದು, ಕಾರಣದ ತನಿಖೆ ಬಿಡಿ, ಒಂದು ಕಾಗದ ಮಾಡಿಸಿಕೊಳ್ಳಿ.

ಕಾಗದದಲ್ಲಿ ದೊಡ್ಡ ಭಾಷೆ ಬೇಡ. ಇಂಥ ತಾರೀಕಿಗೆ ಇಂಥವರಿಂದ 1,50,000 ರೂಪಾಯಿ ಸಾಲ ಪಡೆದಿದ್ದೇನೆ, ಪೂರ್ತಿ ಬಾಕಿ ಉಂಟು, ತಿಂಗಳಿಗೆ ಇಷ್ಟು ಕೊಡುತ್ತೇನೆ. ಕೆಳಗೆ ತಾರೀಕು, ಸಹಿ. ಕನ್ನಡದಲ್ಲೇ ಬರೆದರೆ ಸಾಕು. ಮೂರು ವರ್ಷ ಮುಗಿಯುವ ಮೊದಲು ಹೀಗೆ ಬರೆದು ಸಹಿ ಹಾಕಿದರೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ವಾಟ್ಸಾಪ್‌ನಲ್ಲಿ "ಕೊಡ್ತೇನೆ" ಅಂತ ಬಂದ ಮೆಸೇಜ್‌ಗಳನ್ನು ಅಳಿಸಬೇಡಿ. ಬ್ಯಾಂಕ್ ದಾಖಲೆ ಹಣ ಹೋದದ್ದನ್ನು ತೋರಿಸುತ್ತದೆ, ಅದು ಸಾಲ ಅಂತ ತೋರಿಸಲು ಆ ಮೆಸೇಜ್ ಬೇಕಾಗುತ್ತದೆ. ಆದರೆ ಗಡುವು ಹೊಸದಾಗಲು ಸಹಿಯ ಕಾಗದವೇ ಸುರಕ್ಷಿತ.

ಕೇಳುವುದು ಹೇಗೆ ಅಂತ ಸಂಕೋಚ ಆಗುತ್ತದೆ, ಗೊತ್ತು. "ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಮನೆಯಲ್ಲಿ ಲೆಕ್ಕ ಕೇಳ್ತಾ ಇದ್ದಾರೆ" ಅಂತ ಹೇಳಿ. ನಮ್ಮ ಊರಿನಲ್ಲಿ ಇದು ಎಲ್ಲರಿಗೂ ಅರ್ಥವಾಗುವ ಮಾತು, ಸ್ವಲ್ಪ ನಿಜವೂ ಹೌದು. ಕೊಡುವ ಮನಸ್ಸಿದ್ದವರು ಸಹಿ ಹಾಕುತ್ತಾರೆ. ತಿಂಗಳಿಗೆ 5,000 ಅಂದರೂ ಒಪ್ಪಿ. 30 ತಿಂಗಳಲ್ಲಿ ತೀರುತ್ತದೆ. ಬ್ಯಾಂಕ್ ಮೂಲಕವೇ ಬರಲಿ. 20,000 ಅಥವಾ ಅದಕ್ಕಿಂತ ದೊಡ್ಡ ಸಾಲವನ್ನು ನಗದಾಗಿ ತೀರಿಸಬಾರದು ಅಂತ ಆದಾಯ ತೆರಿಗೆಯ ನಿಯಮ ಉಂಟು.

ಚೆಕ್ ಕೊಟ್ಟರೆ ತಾರೀಕು ಬರೆಸಿಯೇ ತೆಗೆದುಕೊಳ್ಳಿ. ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್, ಅದು ಸಿಕ್ಕಿ 15 ದಿನದಲ್ಲಿ ಕೊಡದಿದ್ದರೆ ಮತ್ತೊಂದು ತಿಂಗಳೊಳಗೆ ಕೇಸು. ಇದರಲ್ಲಿ ಒಂದು ದಿನ ತಪ್ಪಿದರೂ ಕಷ್ಟ.

ಪೊಲೀಸ್ ಸ್ಟೇಷನ್‌ಗೆ ಹೋಗುವುದು, ಕುಟುಂಬದ ಗ್ರೂಪ್‌ನಲ್ಲಿ ಹಾಕುವುದು ಬೇಡ. ಇದು ಸಿವಿಲ್ ವಿಷಯ ಅಂತ ಸ್ಟೇಷನ್‌ನಿಂದ ತಿರುಗಿ ಕಳಿಸುತ್ತಾರೆ. ಗ್ರೂಪ್‌ನಲ್ಲಿ ಹಾಕಿದರೆ ಸಾಲದ ಮಾತು ಹೋಗಿ ಮಾನದ ಮಾತಾಗುತ್ತದೆ.

ಸಹಿ ಹಾಕಲು ಅವರು ಒಪ್ಪದಿದ್ದರೆ ವಕೀಲರಿಂದ ನೋಟಿಸ್ ಕಳಿಸುವ ಮೊದಲು ಇನ್ನೊಂದು ದಾರಿ ಉಂಟು. ಜನರಿಗೆ ಕಾನೂನು ನೆರವು ಕೊಡುವ ಸರಕಾರಿ ಕಾನೂನು ಸೇವಾ ಸಮಿತಿಯಲ್ಲಿ ದಾವೆಗೆ ಮುಂಚಿನ ಅರ್ಜಿ ಕೊಡಬಹುದು. ಕೋರ್ಟ್ ಫೀಸು ಇಲ್ಲ. ಇಬ್ಬರನ್ನೂ ಕರೆದು ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ರಾಜಿಯಾಗಿ ಲೋಕ ಅದಾಲತ್‌ನಲ್ಲಿ ದಾಖಲಾದರೆ ಅದಕ್ಕೆ ಕೋರ್ಟಿನ ತೀರ್ಪಿನಷ್ಟೇ ಬಲ. ಆದರೆ ಅಲ್ಲಿ ಮಾತುಕತೆ ನಡೆಯುತ್ತಿದೆ ಅಂತ ಮಾರ್ಚ್ ದಾಟಿಸಬೇಡಿ. ಜನವರಿಯೊಳಗೆ ಒಂದು ತೀರ್ಮಾನ ಆಗದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಮೆಸೇಜ್‌ಗಳ ಪ್ರಿಂಟ್ ಹಿಡಿದುಕೊಂಡು ವಕೀಲರನ್ನು ಕಾಣಿ.