ಸ್ವೀಟ್ ಬಾಕ್ಸ್ ಲೋಗೋಗೆ ಸ್ಪೆಷಲ್ ಕಲರ್ ಹಾಕಿಸ್ಬೇಕಾ, ಮಲ್ಟಿಕಲರ್ ಸಾಕಾ?

ಸ್ವೀಟ್ ಅಂಗಡಿ ಲೋಗೋ ಕಿತ್ತಳೆ ಬಣ್ಣದ್ದು, ಬಾಕ್ಸ್ ಪ್ರಿಂಟ್ ಹಾಕಿಸಿದಾಗೆಲ್ಲ ಒಂದೊಂದು ಥರ ಬರುತ್ತೆ, ಪ್ರೆಸ್‌ನವರು ಪ್ಯಾಂಟೋನ್ (ಶೇಡ್ ನಂಬರ್ ಪ್ರಕಾರ ಮೊದಲೇ ಕಲಸಿದ ಸ್ಪೆಷಲ್ ಕಲರ್ ಇಂಕು) ಹಾಕ್ಸಿ ಅಂತಾರೆ, ಅದಕ್ಕೆ ಜಾಸ್ತಿ ದುಡ್ಡು ಕೊಡೋದು ಸರೀನಾ ಅಂತ ಕೇಳಿದೀರಾ. ಆಫ್‌ಸೆಟ್ ಪ್ರೆಸ್‌ನಲ್ಲೇ ಕೆಲಸ ಮಾಡೋನಾಗಿ ಹೇಳ್ತೀನಿ, ನಿಮ್ಮ ಕೇಸಲ್ಲಿ ಸರಿ. ಆದ್ರೆ ಬರೀ ನಂಬರ್ ಹೇಳಿ ಬಂದ್ಬಿಟ್ರೆ ಸಾಲ್ದು.

ಮೊದಲು ಬಣ್ಣ ಯಾಕೆ ಬದಲಾಗುತ್ತೆ ನೋಡಿ. ಮಲ್ಟಿಕಲರ್ ಅಂದ್ರೆ ಸಯಾನ್ (ಒಂಥರಾ ಆಕಾಶ ನೀಲಿ), ಮೆಜೆಂಟಾ (ಕಡು ಗುಲಾಬಿ), ಯೆಲ್ಲೊ, ಬ್ಲ್ಯಾಕ್ ಈ ನಾಲ್ಕೇ ಇಂಕು. ಕಿತ್ತಳೆ ಇಂಕು ಅಂತ ಮಷಿನ್‌ನಲ್ಲಿ ಇರೋದೇ ಇಲ್ಲ, ಯೆಲ್ಲೊ ಸಾಲಿಡ್ (ಚುಕ್ಕಿ ಇಲ್ದೇ ಪೂರ್ತಿ) ಕೊಟ್ಟು ಅದರ ಮೇಲೆ ಮೆಜೆಂಟಾ ಸಣ್ಣ ಸಣ್ಣ ಚುಕ್ಕಿ ಕೂರಿಸ್ತಾರೆ, ಕಣ್ಣಿಗೆ ಕಿತ್ತಳೆ ಥರ ಕಾಣುತ್ತೆ. ಆ ಚುಕ್ಕಿ ಒಂಚೂರು ದಪ್ಪ ಆದ್ರೆ ಕೆಂಪಿಗೆ ತಿರುಗುತ್ತೆ, ಸಣ್ಣ ಆದ್ರೆ ಅರಿಶಿನದ ಕಡೆ ಹೋಗುತ್ತೆ. ಇನ್ನೊಂದು ತಾಪತ್ರಯ ಏನಂದ್ರೆ ನಿಮ್ಮ ಬಾಕ್ಸ್ ಮೇಲೆ ಮೈಸೂರು ಪಾಕ್ ಫೋಟೋನೂ ಇದೆ ಅಂದ್ಕೊಳ್ಳಿ, ಫೋಟೋ ಕೆಂಪಾಗಿ ಬರ್ತಿದೆ ಅಂತ ಮಷಿನ್‌ಮನ್ ಆ ಜಾಗದ ಮೆಜೆಂಟಾ ಕೀ (ಇಂಕು ಎಷ್ಟು ಬೀಳ್ಬೇಕು ಅಂತ ಹೆಚ್ಚುಕಮ್ಮಿ ಮಾಡೋ ತಿರುಪು) ಸ್ವಲ್ಪ ತಿರುಗಿಸಿ ಇಳಿಸ್ತಾನೆ, ಶೀಟ್ ಓಡೋ ದಿಕ್ಕಲ್ಲಿ ಅದೇ ಸಾಲಿನಲ್ಲಿ ಲೋಗೋ ಕೂತಿದ್ರೆ ಅದೂ ಪೇಲವ ಆಗುತ್ತೆ. ಅವನ ತಪ್ಪಲ್ಲ ಅದು. ಒಂದೇ ಇಂಕಲ್ಲಿ ಎರಡನ್ನೂ ಸರಿ ಮಾಡೋಕೆ ಆಗಲ್ಲ.

ಸ್ಪೆಷಲ್ ಕಲರ್‌ನಲ್ಲಿ ಕಿತ್ತಳೆ ಇಂಕನ್ನೇ ಮೊದಲೇ ಕಲಸಿ ಬೇರೆ ಪ್ಲೇಟ್‌ನಲ್ಲಿ (ಒಂದೊಂದು ಇಂಕಿಗೂ ಒಂದೊಂದು ಅಚ್ಚಿನ ತಗಡು ಇರುತ್ತೆ) ಓಡಿಸ್ತಾರೆ, ಪೇಂಟ್ ಅಂಗಡೀಲಿ ಶೇಡ್ ನಂಬರ್ ಹೇಳಿ ಗೋಡೆ ಪೇಂಟ್ ಮಿಕ್ಸ್ ಮಾಡಿಸಿದ ಹಾಗೆ. ಪ್ಯಾಂಟೋನ್‌ನವರು 1963ರಲ್ಲಿ ತಂದ ಪದ್ಧತಿ ಇದೇ, ಪ್ರತಿ ಶೇಡ್‌ಗೂ ಒಂದು ನಂಬರ್, ಯಾವ್ಯಾವ ಮೂಲ ಇಂಕು ತೂಕದಲ್ಲಿ ಎಷ್ಟೆಷ್ಟು ಅನ್ನೋ ಲೆಕ್ಕ. ಆರೆಂಜ್ 021 ಅಂತ ಒಂದಿದೆ, ಅದನ್ನ ನಾಲ್ಕು ಕಲರ್‌ನಲ್ಲಿ ಏನೇ ಮಾಡಿದ್ರೂ ಆ ಹೊಳಪು ಬರಲ್ಲ. ಕಡು ನೀಲಿ-ನೇರಳೆ, ಎಳೆ ಹಸಿರು, ಗೋಲ್ಡು, ಸಿಲ್ವರ್ ಇವಕ್ಕೂ ಅಷ್ಟೇ. ಸಣ್ಣ ಕನ್ನಡ ಅಕ್ಷರಕ್ಕಂತೂ ಇದು ತುಂಬಾ ಒಳ್ಳೇದು, ಒಂದೇ ಪ್ಲೇಟು ಆದ್ದರಿಂದ ರಿಜಿಸ್ಟರ್ ಔಟಾಗಿ (ಒಂದು ಬಣ್ಣ ಇನ್ನೊಂದರ ಮೇಲೆ ಸರಿಯಾಗಿ ಕೂರದೆ ಪಕ್ಕಕ್ಕೆ ಸರಿದು) ಒತ್ತಕ್ಷರದ ಸುತ್ತ ಹಳದಿ ಅಂಚು ಕಾಣೋದು ತಪ್ಪುತ್ತೆ.

ಈಗ ಮುಖ್ಯ ವಿಷಯ. ಆಫ್‌ಸೆಟ್ ಇಂಕು ಪಾರದರ್ಶಕ, ಕೆಳಗಿರೋ ಬೋರ್ಡ್ ಬಣ್ಣ ಅದರ ಮೂಲಕ ಕಾಣುತ್ತೆ. ಶೇಡ್ ಕಾರ್ಡ್ ಅಚ್ಚಾಗಿರೋದು ಒಳ್ಳೆ ಬಿಳಿ ಪೇಪರ್ ಮೇಲೆ, ನಿಮ್ಮ ಡ್ಯುಪ್ಲೆಕ್ಸ್ ಬೋರ್ಡ್ (ಬಾಕ್ಸ್ ಮಾಡೋ ರಟ್ಟು) ಅಷ್ಟು ಬೆಳ್ಳಗಿರಲ್ಲ, ಮೇಲಿಂದ ಮ್ಯಾಟ್ ಲ್ಯಾಮಿನೇಷನ್ ಹಾಕಿದ್ರೆ ಬಣ್ಣ ಇನ್ನೂ ಮಂಕಾಗುತ್ತೆ. ಹಾಗಾಗಿ ಇಂಕ್ ಕಲಸಿದ ಮೇಲೆ ನಿಮ್ಮದೇ ಬೋರ್ಡಿನ ತುಂಡಿನ ಮೇಲೆ ಸ್ವಲ್ಪ ತೆಳ್ಳಗೆ ಹಚ್ಚಿ ತೋರ್ಸಿ ಅನ್ನಿ, ಒಣಗೋಕೆ ಬಿಡಿ (ಹಸಿ ಇದ್ದಾಗ ಕಂಡ ಬಣ್ಣವೇ ಒಣಗಿದ ಮೇಲೂ ಇರುತ್ತೆ ಅಂತ ನಂಬ್ಬೇಡಿ), ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಹಗಲು ಬೆಳಕಲ್ಲಿ ನೋಡಿ. ಒಪ್ಪಿಗೆ ಆದ್ರೆ ಹಿಂದೆ ಸೈನ್ ಹಾಕಿ ಒಂದು ಅವರಿಗೆ ಕೊಟ್ಟು ಒಂದು ನೀವು ಇಟ್ಕೊಳ್ಳಿ, ಕತ್ತಲಲ್ಲಿ ಇಡಿ ಬಿಸಿಲಿಗೆ ಬಣ್ಣ ಹೋಗುತ್ತೆ. ಮುಂದಿನ ದೀಪಾವಳಿಗೆ ಮತ್ತೆ ಹಾಕಿಸುವಾಗ ಜಗಳ ಆಗದೇ ಇರೋದು ಈ ತುಂಡಿನಿಂದ, ಪ್ಯಾಂಟೋನ್ ನಂಬರಿಂದ ಅಲ್ಲ. ಕಲಸಿದ ತೂಕದ ಲೆಕ್ಕಾನೂ ಬರೆಸಿ ಇಟ್ಕೊಳ್ಳಿ.

ಫೈಲ್ ಬಗ್ಗೆ ಡಿಸೈನರ್‌ಗೆ ಹೇಳಿ, ಫೈಲ್‌ನಲ್ಲಿ ಆ ಬಣ್ಣದ ಸ್ವಾಚ್ ಸ್ಪಾಟ್ (ಅಂದ್ರೆ ಸ್ಪೆಷಲ್ ಕಲರ್) ಅಂತಲೇ ಇರ್ಬೇಕು, ಒಂದೇ ಬಣ್ಣಕ್ಕೆ ಎರಡು ಹೆಸರಿದ್ರೆ ಎರಡು ಪ್ಲೇಟ್ ಬೀಳುತ್ತೆ. ಪಿಡಿಎಫ್ ಅನ್ನ ಅಕ್ರೋಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂನಲ್ಲಿ ತೆಗೆದು ನೋಡಿದ್ರೆ ಎಷ್ಟು ಪ್ಲೇಟು ಅಂತ ಗೊತ್ತಾಗುತ್ತೆ. 2022ರ ಕೊನೇಲಿ ಅಡೋಬಿ ಸಾಫ್ಟ್‌ವೇರ್‌ಗಳಿಂದ ಪ್ಯಾಂಟೋನ್ ಲೈಬ್ರರಿಗಳನ್ನ (ಶೇಡ್ ಪಟ್ಟಿಗಳನ್ನ) ಹೆಚ್ಚುಕಡಿಮೆ ತೆಗೆದುಹಾಕಿದ್ರಿಂದ ಕೆಲವು ಹಳೇ ಫೈಲ್ ಓಪನ್ ಮಾಡಿದ್ರೆ ಆ ಜಾಗ ಕಪ್ಪಾಗಿ ಕಾಣಬಹುದು, ಗಾಬರಿ ಬೇಡ. ಸ್ಕ್ರೀನಲ್ಲಿ ಕಾಣೋ ಬಣ್ಣ ನೋಡಿ ತೀರ್ಮಾನ ಮಾಡೋದಂತೂ ಬೇಡ್ವೇ ಬೇಡ.

ದುಡ್ಡಿನ ವಿಷಯ. ನಾಲ್ಕು ಕಲರ್ ಜೊತೆ ಐದನೇದು ಅಂದ್ರೆ ಒಂದು ಪ್ಲೇಟು, ಇಂಕು, ಯೂನಿಟ್ (ಮಷಿನ್‌ನಲ್ಲಿ ಒಂದು ಇಂಕು ಅಚ್ಚು ಹಾಕೋ ಭಾಗ) ತೊಳೆಯೋ ಖರ್ಚು ಸೇರುತ್ತೆ, ನಾಲ್ಕು ಕಲರ್ ಮಷಿನ್ ಆದ್ರೆ ಶೀಟ್ ಎರಡನೇ ಸಲ ಓಡ್ಬೇಕು. ಬಾಕ್ಸ್ ಕಮ್ಮಿ ಇದ್ದಷ್ಟೂ ಒಂದೊಂದಕ್ಕೆ ಬೀಳೋ ಭಾರ ಜಾಸ್ತಿ, ಇನ್ನೂರು ಮುನ್ನೂರು ಬಾಕ್ಸಿಗಾದ್ರೆ ನಾನು ಬೇಡ ಅಂತೀನಿ. ಆದ್ರೆ ಫೋಟೋ ನಿಜವಾಗ್ಲೂ ಬೇಕಾ ಯೋಚ್ನೆ ಮಾಡಿ. ಅದನ್ನ ತೆಗೆದು ಕಿತ್ತಳೆ ಒಂದು, ಕಡು ಕಂದು ಒಂದು, ಎರಡೇ ಸ್ಪೆಷಲ್ ಕಲರ್‌ನಲ್ಲಿ ಡಿಸೈನ್ ಮಾಡಿಸಿದ್ರೆ ಎರಡೇ ಪ್ಲೇಟು, ಟೂ ಕಲರ್ ಮಷಿನ್‌ನಲ್ಲಿ ಒಂದೇ ಸಲಕ್ಕೆ ಮುಗಿಯುತ್ತೆ, ಎಷ್ಟೋ ಸಲ ಮಲ್ಟಿಕಲರ್‌ಗಿಂತ ಕಮ್ಮಿಗೇ ಬರುತ್ತೆ, ನೋಡೋಕೂ ನನ್ನ ಕಣ್ಣಿಗೆ ಅದೇ ಚೆಂದ. ಟೂ ಕಲರ್ ಮಷಿನ್ ಇರೋ ಪ್ರೆಸ್‌ನಲ್ಲಿ ಒಂದು ಕೊಟೇಶನ್ ಕೇಳಿ ನೋಡಿ, ಲ್ಯಾಮಿನೇಷನ್ ಸೇರಿಸೇ ಕೇಳಿ.