ವಿಂಡ್ ಬ್ಯಾಂಡ್ ಜೊತೆ ಕ್ಲಾರಿನೆಟ್ ಕನ್ಚೆರ್ಟೊ ಕೇಳ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ಮೊಜಾರ್ಟ್ ಕ್ಲಾರಿನೆಟ್ ಕನ್ಚೆರ್ಟೊ (ಒಬ್ರು ಮುಂದೆ ಸೋಲೋ ನುಡಿಸಿ, ದೊಡ್ಡ ತಂಡ ಜೊತೆ ಕೊಡೋ ಕೃತಿ) ಕೇಳಿ ಹುಚ್ಚು ಹಿಡಿದಿದೆ, ಪಿಟೀಲು ಇಲ್ದೆ ಬರೀ ಊದೋ ವಾದ್ಯಗಳ ಜೊತೆ ಬರೆದಿರೋ ಈಗಿನ ಕನ್ಚೆರ್ಟೊ ಇದಾವಾ, ಅಷ್ಟು ಟ್ರಂಪೆಟ್ ಮಧ್ಯ ಪಾಪ ಕ್ಲಾರಿನೆಟ್ ಕೇಳ್ಸುತ್ತಾ ಅಂತ ಕೇಳಿದೀರ. ಬೇಕಾದಷ್ಟಿದಾವೆ. ನಾನು ಅಮೆರಿಕದಲ್ಲಿ ಒಂದು ಕಮ್ಯುನಿಟಿ ಬ್ಯಾಂಡಲ್ಲಿ ಥರ್ಡ್ ಕ್ಲಾರಿನೆಟ್, ಅಂದ್ರೆ ಗುಂಪಿನ ತಗ್ಗಿನ ದನಿ ನುಡಿಸ್ತೀನಿ, ಸೋಲೋ ನುಡಿಸೋರ ಬೆನ್ನ ಹಿಂದೇನೇ ಕೂರೋದು, ಹಾಗಾಗಿ ಕೇಳ್ಸುತ್ತಾ ಅನ್ನೋದನ್ನೇ ಮೊದ್ಲು ಹೇಳ್ಬಿಡ್ತೀನಿ.

ನಿಜವಾದ ಕಷ್ಟ ಟ್ರಂಪೆಟ್ ಅಲ್ಲ, ನಾವೇ. ಆರ್ಕೆಸ್ಟ್ರಾದಲ್ಲಿ ವಯೊಲಿನ್ ಮಾಡೋ ಕೆಲ್ಸಾನ ಬ್ಯಾಂಡಲ್ಲಿ ಹೆಚ್ಚುಕಮ್ಮಿ ಕ್ಲಾರಿನೆಟ್‌ಗಳೇ ಮಾಡ್ತವೆ, ಅಂದ್ರೆ ಸೋಲೋ ದನಿ ಮತ್ತೆ ಹಿಂದಿನ ಗುಂಪಿನ ದನಿ ಎರಡಕ್ಕೂ ಒಂದೇ ಬಣ್ಣ. ಅದ್ರಲ್ಲೂ ಮಧ್ಯದಲ್ಲಿ ಜಿ, ಎ, ಬಿ ಫ್ಲಾಟ್ ಅಂತ ಕೆಲವು ಸ್ವರ ಹುಟ್ಟಿನಿಂದ್ಲೇ ತೆಳು, ಆ ಜಾಗದಲ್ಲಿ ಒಂದು ಸ್ಯಾಕ್ಸೋಫೋನ್ ಸ್ವಲ್ಪ ಜೋರಾದ್ರೂ ಸಾಕು, ಸೋಲೋ ಮುಳುಗೋಯ್ತು. ಪಿಟೀಲಿನವ್ರು ಬಿಲ್ಲು ತಿರುಗಿಸ್ತಾ ಎಷ್ಟು ಹೊತ್ತು ಬೇಕಾದ್ರೂ ಮೆಲ್ಲಗೆ ಎಳೀಬಹುದು, ನಾವು ಉಸಿರು ತಗೋಬೇಕಲ್ವಾ, ಪಕ್ಕದವ್ರು ಊದ್ತಿರುವಾಗ ನಾನು ಉಸಿರು ತಗೊಂಡು, ನಾನು ಊದುವಾಗ ಅವ್ರು ತಗೊಂಡು, ಎಲ್ಲೂ ತುಂಡಾಗದ ಹಾಗೆ ನೋಡ್ಕೊಳ್ಳೋದಿದ್ಯಲ್ಲ ಅದೇ ಒಂದು ದೊಡ್ಡ ಕೆಲಸ.

ಒಳ್ಳೆ ಕಂಪೋಸರ್ ಇದನ್ನ ಹೇಗೆ ದಾಟ್ತಾರೆ ಅಂದ್ರೆ, ಸೋಲೋ ತಗ್ಗಿನ ಸ್ಥಾಯಿಲಿ ಇದ್ದಾಗ ಹಿಂದೆ ಬರೀ ವೈಬ್ರಫೋನ್ (ಲೋಹದ ಪಟ್ಟಿ ಬಡಿದು ನುಡಿಸೋದು), ಪಿಯಾನೋ, ಒಂದೆರಡು ವಾದ್ಯ ಬಿಡ್ತಾರೆ, ಇಡೀ ಬ್ಯಾಂಡ್ ಎದ್ದಾಗ ಸೋಲೋನ ಮೇಲಕ್ಕೆ ಹತ್ತಿಸ್ತಾರೆ. ನಮ್ಮ ಮದುವೆ ಮೆರವಣಿಗೆ ಬ್ಯಾಂಡ್‌ಸೆಟ್ಟಲ್ಲಿ ಅಷ್ಟು ಡ್ರಮ್ ಸದ್ದಿನ ಮೇಲೂ ಕ್ಲಾರಿನೆಟ್ ಹಾಡು ಬೀದಿ ಕೊನೆವರೆಗೂ ಕೇಳೋದು ಹೀಗೇ, ಮೇಲಿನ ಸ್ಥಾಯಿ ಬಿಟ್ಟು ಇಳಿಯೋದೇ ಕಮ್ಮಿ. ಇನ್ನೊಂದು, 1952ರಲ್ಲಿ ಅಮೆರಿಕದ ಕಂಡಕ್ಟರ್ ಫ್ರೆಡರಿಕ್ ಫೆನೆಲ್ ಈಸ್ಟ್‌ಮನ್ ವಿಂಡ್ ಎನ್ಸೆಂಬಲ್ ಅನ್ನೋ ಊದೋ ವಾದ್ಯಗಳ ತಂಡ ಕಟ್ಟಿದಾಗ, ಬರೆದಿರೋ ಒಂದೊಂದು ಸಾಲು ಸಂಗೀತಕ್ಕೂ ನುಡಿಸೋರು ಒಬ್ರೇ ಅಂತ ಮಾಡಿದ್ರು, ಅದ್ರಿಂದ ಹಿಂದಿನ ಭಾರ ಎಷ್ಟೋ ಇಳೀತು.

ಮೊದ್ಲು ಕೇಳ್ಬೇಕಾದ್ದು ಅಮೆರಿಕದ ಕಂಪೋಸರ್ ಮೈಕಲ್ ಡಾಹರ್ಟಿ ಅವ್ರ ಬ್ರೂಕ್ಲಿನ್ ಬ್ರಿಡ್ಜ್, 2005ರದ್ದು. ಇದನ್ನ ಬ್ಯಾಂಡಿಗೆ ಅಂತಾನೇ ಬರೆದಿರೋದು, ಆರ್ಕೆಸ್ಟ್ರಾದಿಂದ ಇಳಿಸಿದ್ದಲ್ಲ, ಆ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತೆ. ನಾಲ್ಕು ಭಾಗ, ನ್ಯೂಯಾರ್ಕಿನ ಆ ಸೇತುವೆ ಮೇಲೆ ನಿಂತು ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಅಂತ ಒಂದೊಂದೇ ದಿಕ್ಕಿಗೆ ತಿರುಗಿ ನೋಡೋ ಹಾಗೆ. ಕೊನೇ ಭಾಗದಲ್ಲಿ ರಾಕ್‌ಫೆಲರ್ ಸೆಂಟರಿನ 65ನೇ ಮಹಡಿಯ ರೇನ್‌ಬೋ ರೂಮಲ್ಲಿ ಸ್ವಿಂಗ್ ಜಾಜ್ ಕಾಲದ ಕ್ಲಾರಿನೆಟ್ ವಾದಕ ಆರ್ಟಿ ಶಾ ನುಡಿಸ್ತಿರೋ ಹಾಗೆ ಕಲ್ಪಿಸ್ಕೊಂಡಿದಾರೆ, ನನಗಂತೂ ಅದು ಬಂದ್ರೆ ಕೂತ್ಕೊಳ್ಳೋಕಾಗಲ್ಲ.

ಆಮೇಲೆ ಫ್ರಾಂಕ್ ಟಿಕೆಲಿ ಕನ್ಚೆರ್ಟೊ, 2010, ಕ್ಲಾರಿನೆಟ್ ವಾದಕ ಹೋಕನ್ ರೋಸೆಂಗ್ರೆನ್‌ಗೆ ಅಂತ ಬರೆದಿದ್ದು. ಮೂರು ಭಾಗ, ಗರ್ಶ್ವಿನ್, ಕೋಪ್‌ಲ್ಯಾಂಡ್, ಬರ್ನ್‌ಸ್ಟೀನ್ ಅನ್ನೋ ಅಮೆರಿಕದ ಮೂವರು ಕಂಪೋಸರ್‌ಗಳಿಗೂ ಒಂದೊಂದು ನಮಸ್ಕಾರ. ಮೂಲ ಆರ್ಕೆಸ್ಟ್ರಾಗೆ, ಬ್ಯಾಂಡ್ ರೂಪ ಆಮೇಲೆ ಬಂತು, ಕೋಪ್‌ಲ್ಯಾಂಡ್ ಹೆಸರಿನ ನಿಧಾನದ ಭಾಗಾನ ಎರಡರಲ್ಲೂ ಕೇಳಿ, ನಾನು ಮೇಲೆ ಹೇಳಿದ ಉಸಿರಿನ ವಿಷ್ಯ ಅಲ್ಲೇ ಅರ್ಥ ಆಗುತ್ತೆ. ಗಲಾಟೆ ಬೇಡ ಅಂದ್ರೆ ಡೇವಿಡ್ ಮಸ್ಲಾಂಕಾ ಅವ್ರ ಡೆಸರ್ಟ್ ರೋಡ್ಸ್. ತೀರಾ ಹೊಸದು ಬೇಕು ಅಂದ್ರೆ ಕ್ಲಾರಿನೆಟ್ ವಾದಕ ಜೂಲಿಯನ್ ಬ್ಲಿಸ್‌ಗೆ ಅಂತ ಜಾನ್ ಮ್ಯಾಕಿ 2022ರಲ್ಲಿ ಬರೆದ ಡಿವೈನ್ ಮಿಸ್ಚಿಫ್ ಇದೆ.

ಸ್ಟ್ರಾವಿನ್ಸ್ಕಿಯ ಎಬೊನಿ ಕನ್ಚೆರ್ಟೊ ಎಲ್ರೂ ಮೊದ್ಲು ಹೇಳ್ತಾರೆ, ನಾನು ಕೊನೆಗಿಡ್ತೀನಿ. 1945ರಲ್ಲಿ ವುಡಿ ಹರ್ಮನ್ ಜಾಜ್ ಬ್ಯಾಂಡಿಗೆ ಬರೆದಿದ್ದು, ಅದ್ಭುತ ಕೃತಿ, ಆದ್ರೆ ಅಲ್ಲಿ ಕ್ಲಾರಿನೆಟ್ ಹೀರೋ ಅಲ್ಲ, ಗುಂಪಲ್ಲೊಬ್ಬ, ಮೊಜಾರ್ಟ್ ಥರ ಮುಂದೆ ನಿಂತು ಹಾಡಲಿ ಅಂತ ಕಾಯ್ತಾ ಕೂತ್ರೆ ನಿರಾಸೆ ಆಗುತ್ತೆ. ಸ್ಟ್ರಾವಿನ್ಸ್ಕಿ ತಾವೇ ಕಂಡಕ್ಟ್ ಮಾಡಿ ಬೆನ್ನಿ ಗುಡ್‌ಮನ್ ನುಡಿಸಿರೋ 1965ರ ರೆಕಾರ್ಡಿಂಗ್ ಹುಡುಕಿ.